ಶನಿವಾರದ ಬಾಳೆಹಣ್ಣು

ಗಡವ ಮಂಗ ರೇಣುವಿನ ಕೆನ್ನೆಗೆ ಹೊಡೆದ ಏಟು ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದ ಶೆಟ್ಟೆವ್ವನಿಗೆ ಕೇಳಿಸಿತು. ಮೊದಲು ಏಟು, ಆಮೇಲೆ ತಾಟು ಉರುಳಿದ ಸದ್ದು, ಕೊನೆಗೆ ಸೊಸೆಯ ಕೂಗು. ಸಗಣಿಗೈಯಲ್ಲೇ ಒಳಗೆ ಓಡಿದಳು. ಐದು ತಿಂಗಳ ಬಸುರಿ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕೂತಿದ್ದಳು. ಕಿವಿಯಿಂದ ಗದ್ದದವರೆಗೆ ಉಗುರಿನ ಗೆರೆಗಳು ಎದ್ದು, ಗೆರೆಗುಂಟ ರಕ್ತ ಇಳಿಯುತ್ತಿತ್ತು. ಮಂಗ ಮಾಳಿಗೆಯ ಬೆಳಕಿಂಡಿಯ ಅಂಚಿಗೆ ಏರಿ ಕೂತು ಅವಳ ಪೇರಲಹಣ್ಣು ಕಚ್ಚುತ್ತಿತ್ತು. ಶೆಟ್ಟೆವ್ವನನ್ನು ನೋಡಿ ಅದು ಓಡಲೂ ಇಲ್ಲ. ಯಾಕೆ ಓಡಬೇಕು? ಆ ಮನೆಯ ದಾರಿ ಅದಕ್ಕೆ ತೋರಿಸಿದವಳೇ ಅವಳು.

"ಇದ್ದ ರಕ್ತಾನೂ ಚೆಲ್ಲಿ ಹೋತಲ್ಲವಾ," ಎನ್ನುತ್ತ ಶೆಟ್ಟೆವ್ವ ಸೆರಗಿನಿಂದ ಸೊಸೆಯ ಗದ್ದ ಒರೆಸಿದಳು.

"ಗುಳಿಗಿ ನುಂಗಿದ್ದೆರಿ ಅತ್ತಿ," ಎಂದಳು ರೇಣು. "ಹಣ್ಣ ಒಂದ ಸಲ ಕಚ್ಚಿದ್ದೆ ಅಷ್ಟ."

ಶೆಟ್ಟೆವ್ವನ ಸಿಟ್ಟು ಉಗರಗೋಳದಲ್ಲಿ ಯಾರಿಗೂ ಹೊಸದಲ್ಲ. ಹುಡುಗಿಯಾಗಿದ್ದಾಗ ಇದೇ ಊರಿನ ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದವಳು. ಒಮ್ಮೆ ಬದುವಿನ ಮೇಲೆ ನಿಂತು ಅಡ್ಡಾದಿಡ್ಡಿ ಮಾತಾಡಿದ ಒಬ್ಬನ ಮೊಣಕಾಲಿಗೆ ಅದೇ ಕವಣೆಯಿಂದ ಕಲ್ಲು ಬೀಸಿದ್ದಳು. ಆ ಮನುಷ್ಯ ಈಗಲೂ ಕುಂಟುತ್ತಾನೆ, ಈಗಲೂ ಅವಳನ್ನು ಕಂಡರೆ ಓಣಿ ಬದಲಿಸುತ್ತಾನೆ. ಗಂಡ ಸತ್ಯಪ್ಪ ಬದುಕಿದ್ದಾಗ, ನನ್ನ ಹೇಂತಿಗೆ ಬಾಯಿಗಿಂತ ಕೈ ಮುಂದ ಎಂದು ಚಹಾದಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅಂಥ ಕೈ ಸೊಸೆಯ ಮೇಲೆ ಮಾತ್ರ ಒಂದು ದಿನವೂ ಏಳಲಿಲ್ಲ. ಕಿತ್ತೂರ ಕಡೆಯ ದೇಗಾಂವದಿಂದ ಬಂದ ಈ ಮಿದು ಮಾತಿನ ಹುಡುಗಿಯನ್ನು ಶೆಟ್ಟೆವ್ವ ಹೆತ್ತ ಮಗಳಿಗಿಂತ ಹೆಚ್ಚು ಎತ್ತಿ ಆಡಿಸುತ್ತಿದ್ದಳು. ಅವಳಿಗೆ ಹೆಣ್ಣು ಮಕ್ಕಳಿರಲಿಲ್ಲ ಎನ್ನುವುದು ಬೇರೆ ಮಾತು.

ಹೋದ ವರ್ಷ ರೇಣುವಿಗೆ ಏಳನೆಯ ತಿಂಗಳಲ್ಲಿ ನೋವು ಕಾಣಿಸಿ ಹುಟ್ಟಿದ ಕೂಸು ಅಳಲಿಲ್ಲ. ತಾಯಿಯ ಮೈಯಲ್ಲಿ ರಕ್ತವೇ ಇಲ್ಲ, ಕೂಸಿಗೆ ಎಲ್ಲಿಂದ ಬರಬೇಕು ಎಂದರು ಆಸ್ಪತ್ರೆಯಲ್ಲಿ. ಆ ಕೂಸನ್ನು ಶೆಟ್ಟೆವ್ವನೇ ಮಡಿಲಲ್ಲಿ ಇಟ್ಟುಕೊಂಡು ಮಗನ ಟಂಟಂ ಗಾಡಿಯಲ್ಲಿ ಊರಿಗೆ ತಂದಿದ್ದಳು. ಸವದತ್ತಿಯಿಂದ ಉಗರಗೋಳ ದೂರವೇನಲ್ಲ. ಆದರೂ ಆ ದಾರಿ ಅವಳ ಎದೆಯಲ್ಲಿ ಇನ್ನೂ ಮುಗಿದಿರಲಿಲ್ಲ.

ಹೀಗಾಗಿ ಈ ಸಲ ಸೊಸೆಗೆ ದಿನ ನಿಂತದ್ದು ಗೊತ್ತಾದ ಕೂಡಲೇ ಅವಳು ಡಾಕ್ಟರ ಹತ್ತಿರ ಹೋಗಲಿಲ್ಲ, ಹಣಮಪ್ಪನ ಗುಡಿಗೆ ಹೋದಳು. ಕೂಸು ಜೀವಂತ ಕೈಗೆ ಬರುವತನಕ ಶನಿವಾರಕ್ಕೊಂದು ಬಾಳೆಹಣ್ಣನ್ನು ಜೀವಂತ ಹಣಮಪ್ಪನಿಗೇ, ಅಂದರೆ ಮಂಗನಿಗೇ, ತನ್ನ ಕೈಯಾರೆ ತಿನ್ನಿಸುತ್ತೇನೆ ಎಂದು ಹರಕೆ ಹೊತ್ತಳು.

ಮಗ ಕಾಂತೇಶ ನಕ್ಕಿದ್ದ. "ಮನ್ಯಾಗ ಬುದ್ಧನ ಫೋಟೋ ಹಾಕೇವಿ, ನೀ ನೋಡಿದ್ರ ಮಂಗ್ಯಾಗ ಬಾಳಿಹಣ್ಣ ಕೊಡಾಕ ಹೊಂಟಿ."

"ಬುದ್ಧ ಏನೂ ಬೇಡೂದಿಲ್ಲಪಾ. ಬೇಡೂದಿಲ್ಲ ಅಂದ್ರ ಹರಕಿ ಹೆಂಗ ಹೊರಬೇಕು?" ಎಂದಿದ್ದಳು ಶೆಟ್ಟೆವ್ವ.

ಹರಕೆಯ ಹಣ್ಣಿಗೆ ಬಂದದ್ದು ಒಂದು ಕಿವಿ ಹರಿದ ಗಡವ. ಮೊದಲ ಶನಿವಾರ ಹಣ್ಣು ಕಿತ್ತುಕೊಂಡು ಓಡಿತು. ಬರಬರುತ್ತ ಹೊಸ್ತಿಲ ಮೇಲೆ ಕೂತು ಕಾಯತೊಡಗಿತು. ಅವಳು ಬಂದರೆ ಅಂಗೈ ಚಾಚುತ್ತಿತ್ತು, ಥೇಟು ಮನುಷ್ಯರ ಹಾಗೆ. ಆ ಕಪ್ಪು ಅಂಗೈ ತಂಪಾಗಿತ್ತು, ಅದರಲ್ಲಿ ಗೆರೆಗಳಿದ್ದವು. ಶೆಟ್ಟೆವ್ವ ಅದಕ್ಕೆ ಹಣಮ್ಯಾ ಎಂದು ಹೆಸರಿಟ್ಟು, ನಮ್ಮ ಹಣಮ್ಯಾ ಭಾಳ ಶಾಣ್ಯಾ ಎಂದು ಪಕ್ಕದ ಮನೆಯ ಬಾಯವ್ವನ ಮುಂದೆ ಜಂಬ ಕೊಚ್ಚಿಕೊಂಡಳು. ಹರಕೆ ಮುಟ್ಟಿತು ಎಂದೇ ಅವಳ ನಂಬಿಕೆ.

ಆಮೇಲೆ ಸವದತ್ತಿಗೆ ತೋರಿಸಲು ಹೋದಾಗ ಡಾಕ್ಟರಬಾಯಿ ರೇಣುವಿನ ಕಣ್ಣ ರೆಪ್ಪೆ ಎಳೆದು ನೋಡಿ, ರಕ್ತದ ಚೀಟಿ ನೋಡಿ, ತಲೆ ಅಲ್ಲಾಡಿಸಿದರು. "ರಕ್ತದ ಗುಳಿಗಿ ಒಂದ ನುಂಗಿದ್ರ ಸಾಲೂದಿಲ್ಲವಾ. ಸೊಪ್ಪು, ಕಾಳು ಉಣ್ಣು. ಗುಳಿಗಿ ಜೋಡಿ ಪೇರಲಹಣ್ಣ, ಮೋಸಂಬಿ, ನೆಲ್ಲಿಕಾಯಿ, ಇಂಥಾದ್ದೇನರ ದಿನಾ ಹೊಟ್ಟಿಗೆ ಹೋಗಬೇಕು. ಹಣ್ಣ ಹೋದ್ರ ಗುಳಿಗಿ ಮೈಗೆ ಹತ್ತತೈತಿ. ಚಹಾದ ಜೋಡಿ ಮಾತ್ರ ನುಂಗಬ್ಯಾಡ."

ಶೆಟ್ಟೆವ್ವನಿಗೆ ಇದು ಹೊಸ ಸುದ್ದಿ. ಅವಳ ಲೆಕ್ಕದಲ್ಲಿ ಹಣ್ಣು ಅಂದರೆ ಒಂದೋ ದೇವರಿಗೆ, ಇಲ್ಲ ದವಾಖಾನೆಯಲ್ಲಿ ಮಲಗಿದವರಿಗೆ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ತಿನ್ನುವ ಗಟ್ಟಿ ಜನ ಹಣ್ಣು ತಿನ್ನುತ್ತ ಕೂರುತ್ತಾರೆಯೇ? ಆದರೆ ಪೇರಲದ ಜೊತೆ ನುಂಗಿದ ಗುಳಿಗೆ ರೇಣುವಿಗೆ ವಾಂತಿಯಾಗದೆ ಹೊಟ್ಟೆಯಲ್ಲಿ ನಿಂತಿತು. ತುಟಿಗೆ ತುಸು ಬಣ್ಣ ಬಂತು. ಶೆಟ್ಟೆವ್ವ ಅಂದಿನಿಂದ ಡಾಕ್ಟರಬಾಯಿಯ ಮಾತಿಗೆ ಶರಣು. ಕಾಂತೇಶ ದಿನಾ ಸಂಜೆ ಸವದತ್ತಿ ಬಜಾರದಿಂದ ಹಣ್ಣು ತರತೊಡಗಿದ.

ಕೆಟ್ಟದ್ದು ಇಲ್ಲೇ. ಶನಿವಾರ ಯಾವುದು, ಮಂಗಳವಾರ ಯಾವುದು ಎಂದು ಮಂಗ ಪಂಚಾಂಗ ನೋಡುತ್ತದೆಯೇ? ಈ ಮನೆಯಲ್ಲಿ ಹಣ್ಣು ಸಿಗುತ್ತದೆ ಎನ್ನುವುದಷ್ಟೇ ಅದಕ್ಕೆ ಗೊತ್ತು, ಗೊತ್ತು ಮಾಡಿಸಿದವಳು ಶೆಟ್ಟೆವ್ವ. ಹಣ್ಣಿನ ವಾಸನೆಗೆ ಅದು ದಿನಾ ಬಂತು. ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಡಬ್ಬಿ ಉರುಳಿಸಿತು. ಬೆಳಕಿಂಡಿಗೆ ತಗಡು ಬಡಿದರೆ ಒಲೆಯ ಹೊಗೆ ಒಳಗೇ ನಿಂತು ರೇಣು ಕೆಮ್ಮಿ ಕೆಮ್ಮಿ ಬಿದ್ದಳು. ತಗಡು ತೆಗೆದರೆ ಮತ್ತೆ ಅದೇ ಮುಖ. ಕಾಂತೇಶ ಪಟಾಕಿ ಹಚ್ಚಿದ, ಕಲ್ಲು ಎಸೆದ. ಚಹಾದಂಗಡಿಯಲ್ಲಿ ಎಲ್ಲರ ಎದುರು, "ಆ ಮಂಗ್ಯಾ ನನ್ನ ಕೈಯಾಗ ಸಿಗಲಿ, ಕೊಂದ ಹಾಕತೇನಿ," ಎಂದು ಹಲ್ಲು ಕಡಿದ.

ಶೆಟ್ಟೆವ್ವ ಹಣಮಪ್ಪನ ಗುಡಿಯ ಪಂಚರಲ್ಲಿ ದೊಡ್ಡವನಾದ ದುರ್ಗಪ್ಪನ ಹತ್ತಿರ ಹೋಗಿ, ಮಂಗ ಹಿಡಿಯುವವರನ್ನು ಕರೆಸಿರೆಂದು ಕೈ ಮುಗಿದಳು. ದುರ್ಗಪ್ಪನಿಗೆ ಗುಡ್ಡದ ದಾರಿಯಲ್ಲಿ ಬಾಳೆಹಣ್ಣಿನ ಅಂಗಡಿಯಿದೆ. ಎಲ್ಲಮ್ಮನ ಗುಡ್ಡಕ್ಕೆ ಬಂದ ಜನ ಅವನಲ್ಲಿ ಹಣ್ಣು ಕೊಂಡು ಮಂಗಗಳಿಗೆ ಎಸೆದು, ಮಕ್ಕಳಿಗೆ ತೋರಿಸಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮಂಗ ಹೋದರೆ ಅಂಗಡಿಯೂ ಹೋಯಿತು.

"ದೇವರ ದಂಡು ಐತಿ ಅದು. ನೀನ ಕರದು ತಿನ್ನಿಸಿ, ಈಗ ನೀನ ಹೊರಗ ಹಾಕು ಅಂದ್ರ ಹೆಂಗವಾ?" ಎಂದು ಅವನು ನಕ್ಕ.

ಅವನ ಮಾತಿನ ಎರಡನೆಯ ಅರ್ಧ ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ಮೈ ಉರಿಯಿತು. ಅದೇ ವಾರ ಸವದತ್ತಿಯಲ್ಲಿ ರಕ್ತ ನೋಡಿದಾಗ ಏರಿದ್ದು ಮತ್ತೆ ಇಳಿದಿತ್ತು. ಹೀಗೇ ಆದರೆ ಹೋದ ವರ್ಷದ ಹಾಗೇ ಆಗುತ್ತದೆ ಎಂದರು ಡಾಕ್ಟರಬಾಯಿ. ಈ ಮಾತು ಕೇಳಿ ಬಂದ ಮರುದಿನವೇ ಮಂಗ ಸೊಸೆಯ ಕೆನ್ನೆ ಹರಿದದ್ದು. ರೇಣುವಿಗೆ ಸೂಜಿ ಹಾಕಿಸಿ ಕರೆತಂದರು. ಅಂದಿನಿಂದ ಅವಳು ಹಣ್ಣನ್ನು ಸೆರಗಿನಡಿ ಮುಚ್ಚಿಕೊಂಡೇ ತಿನ್ನುತ್ತಿದ್ದಳು. ಬಾಗಿಲು ಹಾಕಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಳ್ಳರ ಹಾಗೆ ಗಬಗಬ ನುಂಗುತ್ತಿದ್ದಳು. ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಶನಿವಾರ ಬಂತು. ಶೆಟ್ಟೆವ್ವ ಬಾಳೆಹಣ್ಣು ಕೊಡಲಿಲ್ಲ. ಹರಕೆ ಮುರಿದೆ ಎಂಬ ಅಂಜಿಕೆ ಒಂದು ಕಡೆ, ಮುರಿದದ್ದೇ ಸರಿ ಎಂಬ ಹಟ ಒಂದು ಕಡೆ. ಮಧ್ಯಾಹ್ನ ರೇಣು ಗುಳಿಗೆ ನುಂಗಿ ಪೇರಲ ಕೈಗೆತ್ತಿಕೊಂಡಳು. ಶೆಟ್ಟೆವ್ವ ನೀರು ತರಲು ಎದ್ದಳು, ಅಷ್ಟೇ. ಬೆಳಕಿಂಡಿಯಿಂದ ಗಡವ ಧೊಪ್ಪೆಂದು ಜಿಗಿದು ರೇಣುವಿನ ಮೊಣಕೈಗೆ ಹಲ್ಲು ನಾಟಿಸಿತು. ಅವಳು ಈ ಸಲ ಹಣ್ಣು ಬಿಡಲಿಲ್ಲ. ಯಾಕೆ ಬಿಡಲಿಲ್ಲವೋ. ಮಂಗ ಜಗ್ಗಿತು, ಅವಳೂ ಜಗ್ಗಿದಳು, ಜಗ್ಗಾಟದಲ್ಲಿ ಕಾಲು ಜಾರಿ ಹೊಟ್ಟೆಯ ಮೇಲೆ ಬೀಳುವವಳು ಹೇಗೋ ಹೊರಳಿ ಮಗ್ಗುಲಿಗೆ ಬಿದ್ದಳು.

ಶೆಟ್ಟೆವ್ವನ ಕೈಗೆ ಮೂಲೆಯಲ್ಲಿದ್ದ ಒನಕೆ ಬಂತು. ಮೊದಲ ಏಟು ಮಂಗನ ಸೊಂಟ ಮುರಿಯಿತು. ಅದು ಕಿರುಚಿ, ಹಿಂಗಾಲು ಎಳೆಯುತ್ತ ಬಾಗಿಲ ಕಡೆ ತೆವಳಿತು, ಬಾಗಿಲು ಹಾಕಿತ್ತು. ತಿರುಗಿ ಅಂಗಾತ ಬಿದ್ದು, ಮೇಲೆ ನಿಂತವಳ ಮುಖ ನೋಡಿತು. ಗುರುತು ಹಿಡಿಯಿತು. ಅಂಗೈ ಚಾಚಿತು.

ಶನಿವಾರ ಚಾಚುವ ಹಾಗೆಯೇ ಚಾಚಿತ್ತು. ಶೆಟ್ಟೆವ್ವ ಅದನ್ನು ನೋಡಿದಳು, ನೋಡಿಯೂ ಹೊಡೆದಳು. ಎರಡನೆಯ ಏಟು ಆ ಕೈಗೇ ಬಿತ್ತು, ಎಲುಬು ಮುರಿದ ಸದ್ದು ಕೇಳಿಸಿತು. ಮೂರನೆಯದು ತಲೆಗೆ. ಆಮೇಲೆ ಎಷ್ಟು ಹೊಡೆದಳೋ ಅವಳಿಗೆ ತಿಳಿಯದು. ಜೋಳ ಕುಟ್ಟುವವಳ ಹಾಗೆ ಉಸಿರು ಬಿಡುತ್ತ ಕುಟ್ಟಿದಳು. ಅಳದೆ ಹುಟ್ಟಿದ ಕೂಸಿಗಾಗಿ, ಟಂಟಂ ಗಾಡಿಯ ಆ ದಾರಿಗಾಗಿ, ದುರ್ಗಪ್ಪನ ನಗೆಗಾಗಿ, ಎಲ್ಲದಕ್ಕೂ ಸೇರಿಸಿ ಆ ಒಂದು ಪ್ರಾಣಿಯನ್ನು ಕುಟ್ಟಿದಳು. ಗೋಡೆಗೆ, ಸೀರೆಗೆ, ಬುದ್ಧನ ಫೋಟೋದ ಗಾಜಿಗೆ ರಕ್ತ ಸಿಡಿಯಿತು.

"ಅತ್ತಿ, ಸಾಕರಿ," ಎಂದಳು ರೇಣು ನೆಲದಿಂದಲೇ. "ಸತ್ತೈತ್ರಿ ಅದು."

ಸಂಜೆ ಕಾಂತೇಶ ಹೆಂಡತಿಯನ್ನು ಆಸ್ಪತ್ರೆಗೆ ಒಯ್ದು ತಂದ. ಹೊಟ್ಟೆಯಲ್ಲಿ ಕೂಸು ಆಡುತ್ತಿದೆ ಎಂದಿದ್ದರು. ಅವನೇ ಮಂಗನನ್ನು ಗೋಣಿಚೀಲದಲ್ಲಿ ಸುತ್ತಿ ಹಳ್ಳದ ದಂಡೆಯ ಜಾಲಿಕಂಟಿಯಲ್ಲಿ ಹುಗಿದು ಬಂದ. "ಯಾರ ಕೇಳಿದ್ರೂ ನೀ ಬಾಯಿ ಬಿಡಬ್ಯಾಡ ಯವ್ವಾ," ಎಂದ. ಶೆಟ್ಟೆವ್ವ ಒನಕೆ ತೊಳೆದಳು. ಕೈ ತೊಳೆದಳು. ಊಟ ಸೇರಲಿಲ್ಲ, ಆ ಚಾಚಿದ ಅಂಗೈ ಕಣ್ಣ ಮುಂದಿನಿಂದ ಹೋಗಲಿಲ್ಲ.

ಹುಗಿದದ್ದು ಆಳವಿರಲಿಲ್ಲ. ಬೆಳಿಗ್ಗೆ ನಾಯಿಗಳು ಎಳೆದು ಹಾಕಿದ್ದವು.

ನಮ್ಮ ಕಡೆ ಮಂಗ ಸತ್ತರೆ ಮನುಷ್ಯ ಸತ್ತದ್ದಕ್ಕಿಂತ ಹೆಚ್ಚು ಮರ್ಯಾದೆ. ಕುರ್ಚಿಯ ಮೇಲೆ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಭಜನೆ ಹಚ್ಚಿ, ಗುಡಿಯ ಮಗ್ಗುಲಲ್ಲಿ ಮಣ್ಣು ಕೊಡುತ್ತಾರೆ. ಬದುಕಿದ್ದಾಗ ಕಲ್ಲು ಎಸೆದವರೂ ಅವತ್ತು ಕಣ್ಣು ಒರೆಸಿಕೊಳ್ಳುತ್ತಾರೆ. ಹಾಗೇ ಆಯಿತು. ಬೇವಿನ ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹರಿದ ಕಿವಿಯ ಗಡವನನ್ನು ಹಗ್ಗ ಕಟ್ಟಿ ಕೂರಿಸಿದರು. ಒಡೆದ ತಲೆಗೆ ಕೇಸರಿ ಬಟ್ಟೆ ಸುತ್ತಿದರು. ಮುಂದೆ ಮನೆಗೊಂದರಂತೆ ಬಂದ ಹಣ್ಣಿನ ರಾಶಿ: ಬಾಳೆ, ಮೋಸಂಬಿ, ದಾಳಿಂಬೆ, ಚಿಕ್ಕು, ಪೇರಲ. ಸೊಂಟ ಮುರಿದದ್ದು, ಕೈ ಮುರಿದದ್ದು ಎಲ್ಲರೂ ನೋಡಿದರು. ಇದು ನಾಯಿಯ ಕೆಲಸವಲ್ಲ ಎಂದ ದುರ್ಗಪ್ಪ. ಚಹಾದಂಗಡಿಯ ಮಾತು ನೆನಪಾಗಲು ಎಷ್ಟು ಹೊತ್ತು ಬೇಕು?

ಬಾಯವ್ವ ಓಡಿ ಬಂದಳು. "ಶೆಟ್ಟೆವ್ವಾ, ನಿನ್ನ ಮಗನ್ನ ಗಾಡಿಯಿಂದ ಇಳಿಸಿ ಗುಡಿ ಮುಂದ ಬಡ್ಯಾಕ ಹತ್ಯಾರ."

ಶೆಟ್ಟೆವ್ವ ಮೂಲೆಯ ಒನಕೆ ತೆಗೆದುಕೊಂಡಳು. "ನೀ ಮನಿ ಬಿಟ್ಟ ಬರಬ್ಯಾಡ," ಎಂದು ಸೊಸೆಗೆ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಕಾಂತೇಶನನ್ನು ಬೇವಿನ ಮರಕ್ಕೆ ಆನಿಸಿ ಇಬ್ಬರು ಹಿಡಿದಿದ್ದರು, ಒಬ್ಬ ಬೆಲ್ಟಿನಿಂದ ಬಾರಿಸುತ್ತಿದ್ದ. ಅಂಗಿ ಹರಿದಿತ್ತು. ಮುಂದಿನ ಹಲ್ಲು ಮುರಿದು, ಬಾಯಿ ತುಂಬ ರಕ್ತ. ಕೊಂದಾಂವ ಯಾರು ಎಂದು ದುರ್ಗಪ್ಪ ಕೇಳುವುದು, "ನಾನ," ಎಂದು ಇವನು ರಕ್ತ ಉಗುಳುವುದು, ಮತ್ತೆ ಬೆಲ್ಟು ಬೀಳುವುದು. ಪಕ್ಕದಲ್ಲಿ ಭಜನೆಯವರ ತಾಳ ನಿಂತಿರಲಿಲ್ಲ.

ಶೆಟ್ಟೆವ್ವ ಬೆಲ್ಟು ಹಿಡಿದವನ ಬೆನ್ನಿಗೆ ಒನಕೆಯಿಂದ ತಿವಿದಳು. ಅವನು ಮುಗ್ಗರಿಸಿ ಹಣ್ಣಿನ ರಾಶಿಯ ಮೇಲೆ ಬಿದ್ದ. ತಾಳ ನಿಂತಿತು.

"ಅವನ್ನ ಬಿಡ್ರಿ. ಕೊಂದಾಕಿ ನಾನು. ಇದ ಒನಕಿ, ಇದ ಕೈ."

"ಯವ್ವಾ, ಸುಮ್ನಿರು," ಎಂದು ಕಾಂತೇಶ ನರಳಿದ.

"ನೀ ಸುಮ್ನಿರು." ಅವಳು ಜನರ ಕಡೆ ತಿರುಗಿದಳು. "ಅದಕ್ಕ ಹಣ್ಣ ಹಾಕಿ ರೂಢಿ ಮಾಡಿದಾಕಿ ನಾನು. ನನ್ನ ಸೊಸಿ ಬಾಯಾಗಿಂದು ಕಸಗೊಂಡು ತಿನ್ನಾಕ ಹತ್ತಿತ್ತು. ಅಕಿ ಮೈಯಾಗ ರಕ್ತ ಇಲ್ಲ, ಹೊಟ್ಯಾಗ ಕೂಸೈತಿ. ಕೈ ಮುಗದು ಕೇಳಿದ್ನಿ, ಹಿಡಸ್ರಿ ಅಂತ. ಯಾರ ಬಂದ್ರಿ?"

ಉತ್ತರವಾಗಿ ಒಂದು ಕಲ್ಲು ಬಂತು. ಎಸೆದವರು ಯಾರೋ, ಹುಬ್ಬಿನ ಮೇಲೆ ತಗುಲಿ ಅವಳ ಎಡಗಣ್ಣು ಕೆಂಪಾಗಿ ಮುಚ್ಚಿತು. ಅವಳು ಕೂರಲಿಲ್ಲ. ಒನಕೆ ಊರಿ ನಿಂತಳು. ಇನ್ನೊಂದು ಕಲ್ಲು ಭುಜಕ್ಕೆ ಬಿತ್ತು.

ದುರ್ಗಪ್ಪ ಕೈ ಎತ್ತಿ ಜನರನ್ನು ತಡೆದ. ಹೆಂಗಸಿನ ಹೆಣ ಬೀಳಿಸಿಕೊಳ್ಳುವಷ್ಟು ದಡ್ಡ ಅವನಲ್ಲ. "ತಪ್ಪ ಒಪ್ಪಿಕೊಂಡಾಳ. ದೇವರಿಗೆ ತಪ್ಪಗಾಣಿಕಿ ಆಗಬೇಕು. ಇವತ್ತ ಹಿಡದು ವರ್ಷತನಕ ಶನಿವಾರಕ್ಕೊಂದು ಬುಟ್ಟಿ ಹಣ್ಣ ತಂದು ಈ ಗದ್ದಗಿಗೆ ಇಡು. ಇಲ್ಲಾಂದ್ರ ಓಣಿ ಬಿಡ್ರಿ," ಎಂದ. ಬುಟ್ಟಿ ಹಣ್ಣು ಯಾರ ಅಂಗಡಿಯಿಂದ ಬರಬೇಕು ಎನ್ನುವುದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಜನ ತಲೆ ಆಡಿಸುತ್ತಿದ್ದಾಗ ರೇಣು ಬಂದಳು. ಬರಬೇಡ ಎಂದಿದ್ದರೂ ಬಂದಿದ್ದಳು. ಕೆನ್ನೆಯ ಮೇಲೆ ಒಣಗಿದ ಗೆರೆ, ಮೊಣಕೈಗೆ ಬಿಳಿ ಪಟ್ಟಿ, ಮುಂದೆ ಹೊಟ್ಟೆ. ಯಾರನ್ನೂ ನೋಡದೆ, ಗಂಡನನ್ನೂ ನೋಡದೆ, ನೇರ ಕುರ್ಚಿಯ ಮುಂದೆ ಹೋಗಿ ಭಾರದಿಂದ ಕುಕ್ಕರಿಸಿ ಕೂತಳು. ನಮಸ್ಕಾರ ಮಾಡಲು ಬಂದಳು ಎಂದುಕೊಂಡರು ಎಲ್ಲರೂ. ಅವಳು ರಾಶಿಯಿಂದ ಒಂದು ಪೇರಲಹಣ್ಣು ಆರಿಸಿದಳು, ಮೇಲಿನ ಕುಂಕುಮ ಸೆರಗಿಗೆ ಒರೆಸಿದಳು, ಸೆರಗಿನ ಗಂಟಿನಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಹಣ್ಣು ಕಚ್ಚಿದಳು.

ಅಷ್ಟು ಜನರ ನಡುವೆ ಪೇರಲದ ಬೀಜ ಹಲ್ಲಿಗೆ ಸಿಕ್ಕು ಮುರಿಯುವ ಸದ್ದು ಕೇಳಿಸುತ್ತಿತ್ತು.

"ಏ, ಅದು ದೇವರ ಮೀಸಲ," ಎಂದು ದುರ್ಗಪ್ಪ ಬಡಿಗೆ ಎತ್ತಿ ಮುಂದೆ ಬಂದ.

ಶೆಟ್ಟೆವ್ವನ ಒನಕೆ ಅವನ ಎದೆಗೆ ಅಡ್ಡ ಬಂತು. ಒಂದೇ ಕಣ್ಣು ತೆರೆದಿತ್ತು ಅವಳಿಗೆ, ಆ ಒಂದೇ ಸಾಕಿತ್ತು. "ಇನ್ನೊಂದ ಹೆಜ್ಜಿ ಇಟ್ಟಿ ಅಂದ್ರ, ಆ ಕುರ್ಚಿ ಮಗ್ಗಲಕ್ಕ ನಿನಗೂ ಒಂದ ಕುರ್ಚಿ ಹಾಕಬೇಕಾಗತೈತಿ ದುರ್ಗಪ್ಪ."

ಅವಳು ಹೊಡೆಯುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಹಿಂದಿನಿಂದ ಬಾಯವ್ವನ ದನಿ ಕೇಳಿತು. "ಬಸರಿ ಬಾಯಿಗೆ ಹೋದದ್ದ ಕಸಗೊಂಡ್ರ ಕೂಸಿನ ಕಿವಿ ಸೋರತಾವ. ಬಿಡ್ರಿ, ತಿನ್ನಲಿ." ಹೆಂಗಸರು ಒಬ್ಬೊಬ್ಬರೇ ಹೌದು ಎಂದರು. ಬಸುರಿಯ ಬಯಕೆಗೆ ಅಡ್ಡ ಬಂದ ಪಾಪ ಮಂಗನನ್ನು ಕೊಂದದ್ದಕ್ಕಿಂತ ಸಣ್ಣದೇನಲ್ಲ, ಅದು ಅವರಿಗೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಕಾಂತೇಶನನ್ನು ಹಿಡಿದವರ ಕೈ ಸಡಿಲಾಯಿತು. ದುರ್ಗಪ್ಪನ ಬಡಿಗೆ ಇಳಿಯಿತು.

ರೇಣು ಅವಸರ ಮಾಡಲಿಲ್ಲ. ಬಾಗಿಲು ಹಾಕಿಕೊಳ್ಳದೆ, ಮೇಲೆ ಕೆಳಗೆ ನೋಡದೆ, ಎಷ್ಟೋ ದಿನಗಳ ಮೇಲೆ ನಿಧಾನವಾಗಿ ಅಗಿದು ನುಂಗಿದಳು. ಹಣ್ಣು ಅರ್ಧವಾದಾಗ ನಿಲ್ಲಿಸಿ, ಕೂತಲ್ಲಿಂದಲೇ ಉಳಿದ ಅರ್ಧವನ್ನು ಅತ್ತೆಯ ಕಡೆ ಚಾಚಿದಳು.

"ತಗೋರಿ ಅತ್ತಿ. ನಿನ್ನಿಯಿಂದ ಏನೂ ತಿಂದಿಲ್ಲ ನೀವು."

ಮೇಲೆ ನೋಡುವ ಮುಖ, ಕೆಳಗಿನಿಂದ ಚಾಚಿದ ಅಂಗೈ. ಅಂಗೈಯಲ್ಲಿ ಗೆರೆಗಳು. ಶೆಟ್ಟೆವ್ವ ಕುರ್ಚಿಯ ಕಡೆ ನೋಡಿದಳು. ಅಲ್ಲಿ ಹಣಮ್ಯಾನ ಮುರಿದ ಕೈಯನ್ನು ಯಾರೋ ಎತ್ತಿ ತೊಡೆಯ ಮೇಲಿಟ್ಟು, ಅಂಗೈಯಲ್ಲಿ ಒಂದು ಬಾಳೆಹಣ್ಣು ಇಟ್ಟಿದ್ದರು. ನಿನ್ನೆ ಶನಿವಾರ ಕೊಡಬೇಕಾಗಿದ್ದ ಹಣ್ಣು ಅದು.

ಒನಕೆ ಅವಳ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಕಲ್ಲಿಗೆ ಕೂರದವಳು ಈಗ ಕುಸಿದು ಕೂತಳು. ಸೊಸೆಯ ಕೈಯಿಂದ ಹಣ್ಣು ತೆಗೆದುಕೊಂಡು ಬಾಯಿಗಿಟ್ಟಳು. ಹುಬ್ಬಿನಿಂದ ಇಳಿದ ರಕ್ತ ತುಟಿಗೆ ಬಂದಿತ್ತು, ಅದರ ಜೊತೆಗೇ ಅಗಿದಳು. ಹಣ್ಣು ಸಿಹಿಯಾಗಿತ್ತು. ಊರ ಮುಂದೆ, ಮಗನ ಮುಂದೆ, ತಾನು ಸಾಕಿ ತಾನೇ ಕೊಂದ ಪ್ರಾಣಿಯ ಮುಂದೆ ಶೆಟ್ಟೆವ್ವ ದೊಡ್ಡ ದನಿ ತೆಗೆದು ಅತ್ತಳು. ಅಳುತ್ತಲೇ ರಾಶಿಗೆ ಕೈ ಹಾಕಿ, ಇನ್ನೊಂದು ಪೇರಲ ಆರಿಸಿ, ಒರೆಸಿ ಸೊಸೆಯ ಕೈಗಿಟ್ಟಳು.